ತಿಗಣೆ ಔಷಧಿಯ ಚಂದದ ಅಕ್ಷರ

ತಲೆಕಟ್ಟುವಿಗೆ ಕೆಮ್ಮು ಹತ್ತಿ ವಾರವಾಗಿತ್ತು. ಔಷಧಿ ಕಪಾಟಿನಲ್ಲೇ ಇತ್ತು. ಕುಡಿದಿರಲಿಲ್ಲ, ಏಕೆಂದರೆ ಬಾಟಲಿಯ ಮೇಲಿನ ಅಕ್ಷರ ಚೆನ್ನಾಗಿರಲಿಲ್ಲ.

ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವ ಅವನಿಗೆ ಬೀದಿಯವರು ಇಟ್ಟ ಹೆಸರೇ ತಲೆಕಟ್ಟು. ಬೆಂಕಿಪೊಟ್ಟಣವಾಗಲಿ, ಸೋಪಿನ ಹೊದಿಕೆಯಾಗಲಿ, ಕೈಗೆ ಸಿಕ್ಕರೆ ಅದರ ಒತ್ತು, ಕೊಂಬು, ದೀರ್ಘಗಳನ್ನು ಚಿನ್ನ ಒರೆಗೆ ಹಚ್ಚುವವನಂತೆ ಪರೀಕ್ಷಿಸುತ್ತಿದ್ದ. ಏನು ಬರೆದಿದೆ ಎಂದು ಓದುವ ಅಭ್ಯಾಸ ಮಾತ್ರ ಇರಲಿಲ್ಲ. ಕೆಮ್ಮಿನ ಔಷಧಿಯ ಅಕ್ಷರಗಳು ಬಸ್ಸಿನ ಬಾಗಿಲಲ್ಲಿ ನೇತಾಡುವವರಂತೆ ಒಂದರ ಮೇಲೊಂದು ಬಿದ್ದಿದ್ದವು. ಇಡೀ ಮನೆಯಲ್ಲಿ ಅವನ ಮೆಚ್ಚುಗೆ ಗಳಿಸಿದ್ದು ತಿಗಣೆ ಔಷಧಿಯ ಬಾಟಲಿ ಒಂದೇ. "ತಿಗಣೆಯಾದ್ರೂ ಇಂಥ ಅಕ್ಷರ ನೋಡ್ಕೊಂಡು ಸಾಯ್ಬೇಕು ಕಣೇ," ಎಂದು ಹೆಂಡತಿಗೆ ತೋರಿಸುತ್ತಿದ್ದ.

ಆ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಕೆಮ್ಮು ಉಸಿರಾಡಲೂ ಬಿಡಲಿಲ್ಲ. ಕಣ್ಣಲ್ಲಿ ನೀರು, ಮೂಗು ಪೂರ್ತಿ ಬಂದ್. ತಡೆಯಲಾರದೆ ಕಪಾಟಿಗೆ ಕೈಹಾಕಿ, ಸಿಕ್ಕ ಬಾಟಲಿ ಎತ್ತಿ ಒಂದು ಗುಟುಕು ಕುಡಿದೇಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ನೋಡಿದ. ಆಹಾ! ಅಕ್ಷರಗಳ ನಡುವೆ ಗಾಳಿಯಾಡುವಷ್ಟು ಜಾಗ. ಒತ್ತುಗಳು ಕಿವಿಯೋಲೆಯಂತೆ ತೂಗುತ್ತಿವೆ.

ಮರುಕ್ಷಣವೇ ಅನುಮಾನ ಹೊಕ್ಕಿತು. ಕೆಮ್ಮಿನ ಔಷಧಿಗೆ ಇಂಥ ಅಕ್ಷರ ಎಲ್ಲಿಂದ ಬರಬೇಕು? ಮನೆಯಲ್ಲಿ ಚಂದದ ಅಕ್ಷರ ಇದ್ದದ್ದು ಒಂದೇ ಬಾಟಲಿಗೆ! ಮತ್ತೊಮ್ಮೆ ನೋಡಲು ಹೋದರೆ ಕಣ್ಣೇ ಕತ್ತಲಾಯಿತು.

"ಅಯ್ಯೋ, ಹೋದೆ! ತಿಗಣೆ ಔಷಧಿ ಕುಡಿದೆ!"

ಪಕ್ಕದ ಮನೆಯ ನಿವೃತ್ತ ಕಂಪೌಂಡರ್ ಓಡಿ ಬಂದರು. ಅವರ ಹಿಂದೆಯೇ ಮಹಡಿಯ ಚಿಕ್ಕಮ್ಮ.

"ಮಲಗ್ಬೇಡ, ವಿಷ ತಲೆಗೇರುತ್ತೆ," ಎಂದರು ಕಂಪೌಂಡರ್.

"ನಡೀಲೂಬೇಡ, ಮೈಯೆಲ್ಲ ಹರಡುತ್ತೆ," ಎಂದರು ಚಿಕ್ಕಮ್ಮ.

ಮಲಗಲೂ ಆಗದೆ, ನಡೆಯಲೂ ಆಗದೆ ಅವನು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ನಡುಗಿದ.

"ಬಾಟ್ಲಿ ಯಾರೂ ಮುಟ್ಬೇಡಿ, ಗಾಳಿ ತಾಗಿದ್ರೂ ಕಷ್ಟ!" ಎಂದು ಕಂಪೌಂಡರ್ ಮುಖ ಆಚೆ ತಿರುಗಿಸಿಕೊಂಡೇ ಅದನ್ನು ಟವೆಲಿನಲ್ಲಿ ಸುತ್ತಿದರು. ಕಪಾಟಿನಲ್ಲಿದ್ದ ಹಳೆಯ ಕೆಮ್ಮಿನ ಬಾಟಲಿಯನ್ನು ಅವನ ಜೇಬಿಗೆ ತುರುಕಿದರು. "ಇದನ್ನೂ ಇಟ್ಕೊ. ಯಾವ ಔಷಧಿ ತಗೋತಿದ್ದೆ ಅಂತ ಡಾಕ್ಟ್ರು ಕೇಳ್ತಾರೆ."

ಬೀದಿ ತುದಿಯ ಆಸ್ಪತ್ರೆಗೆ ಅವನನ್ನು ಬೀರು ಸಾಗಿಸಿದಂತೆ ಹೊತ್ತುಕೊಂಡು ಹೋದರು.

"ನಿನ್ನ ಹೆಂಡ್ತಿಗೆ ಫೋನ್ ಮಾಡಿದೀನಪ್ಪಾ," ಎಂದು ಚಿಕ್ಕಮ್ಮ ದಾರಿಯಲ್ಲಿ ಸಮಾಧಾನ ಹೇಳಿದರು. "ಕೊನೇದಾಗಿ ಏನಾದ್ರೂ ಹೇಳೋದಿದ್ರೆ ಹೇಳ್ಬಿಡು, ನಾನು ತಿಳಿಸ್ತೀನಿ."

ತಲೆಕಟ್ಟು ಹೊತ್ತವರ ಕತ್ತನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಬಾಟ್ಲಿ ಮೇಲೆ ಏನ್ ಬರೆದಿತ್ತು?" ಎಂದು ಕೇಳಿದರು ಡಾಕ್ಟರು.

"ದುಂಡನೆ ಅಕ್ಷರ ಸಾರ್. ಸಾಲು ಒಂದಿಷ್ಟೂ ಸೊಟ್ಟ ಇಲ್ಲ. ದೀರ್ಘದ ಬಾಲ ಹದವಾಗಿ..."

"ಹೆಸರು ಹೇಳ್ರೀ!"

"ಹೆಸರು... ಓದ್ಲಿಲ್ಲ ಸಾರ್."

ಹೊಟ್ಟೆಯನ್ನೇ ತೊಳೆದುಬಿಡಲು ಡಾಕ್ಟರು ಎದ್ದರು. ನಳಿಗೆ ತರಿಸಿದರು. ಅದು ಗಂಟಲಲ್ಲಿ ಇಳಿದು, ನೀರು ಹೋಗಿ, ನೀರು ಬಂದು, ತಾನೊಂದು ಕಟ್ಟಿಕೊಂಡ ಬಚ್ಚಲೆಂದು ತಲೆಕಟ್ಟುವಿಗೆ ಖಾತ್ರಿಯಾಯಿತು. ಎಲ್ಲ ಮುಗಿದ ಮೇಲೆ, ಕಂಪೌಂಡರ್ ಆಗಷ್ಟೇ ನೆನಪಾಗಿ ನೀಡಿದ ಟವೆಲ್ ಗಂಟನ್ನು ಡಾಕ್ಟರು ಬಿಚ್ಚಿದರು.

"ಇದು ಕೆಮ್ಮಿನ ಔಷಧಿನೇ ಅಲ್ವೇನ್ರೀ!"

ಕಂಪೌಂಡರ್ ಫ್ಯಾನನ್ನು ನೋಡತೊಡಗಿದರು.

"ಕುಡಿದಿದ್ದೆಲ್ಲ ಹೊರಗೆ ಬಂತು. ಇನ್ನೊಂದ್ ಗುಟುಕು ಕುಡಿದು ಮನೆಗೆ ಹೋಗಿ," ಎಂದು ಡಾಕ್ಟರು ಕೈ ತೊಳೆಯಲು ತಿರುಗಿದರು.

ಆ ಚಂದದ ಅಕ್ಷರ ಕಂಡೊಡನೆ ತಲೆಕಟ್ಟುವಿನ ಮೈ ಜುಮ್ಮೆಂದಿತು. ಬೇಡಪ್ಪಾ ಬೇಡ, ಕುರೂಪಿಯಾದರೂ ಹಳೆಯದೇ ನಂಬಿಕಸ್ಥ. ಜೇಬಿನ ಬಾಟಲಿ ತೆಗೆದು, ಕಣ್ಣು ಮುಚ್ಚಿ ಗುಟುಕರಿಸಿದ.

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತ ಬಂದಳು. "ಇದೀರಾ ಸದ್ಯ! ಅಕ್ಷರ ಸರಿಯಿಲ್ಲ ಅಂತ ನೀವು ಔಷಧಿ ಮುಟ್ಟಲೇ ಇಲ್ಲ. ಅದಕ್ಕೇ ನಾಲ್ಕಾರು ಅಂಗಡಿ ಅಲೆದು ಚಂದದ ಅಕ್ಷರದ್ದೇ ಹುಡುಕಿ ತಂದಿಟ್ರೆ..." ಅವಳ ಕಣ್ಣು ಅವನ ಕೈಗೆ ಬಿತ್ತು. ಧ್ವನಿ ಇಳಿಯಿತು. "ಈ ಬಾಟ್ಲಿ ಯಾಕೆ ಇಲ್ಲಿದೆ?"

"ಈಗಷ್ಟೇ ಕುಡಿದೆ ಕಣೇ. ಇನ್ಮೇಲೆ ಅಕ್ಷರ ನೋಡಲ್ಲ, ನಿನ್ನಾಣೆ."

"ಅಯ್ಯೋ, ತಿಗಣೆ ಔಷಧಿ ಬಾಟ್ಲಿ ಸೋರ್ತಿತ್ತು ರೀ. ಇದ್ರಲ್ಲಿದ್ದದ್ದು ಚೆಲ್ಲಿ ಅದನ್ನ ಇದಕ್ಕೆ ಬಗ್ಗಿಸಿಟ್ಟಿದ್ದೆ! ಈ ಅಕ್ಷರ ಇದ್ರೆ ನೀವು ಸತ್ರೂ ಮುಟ್ಟಲ್ಲ ಅನ್ನೋ ಧೈರ್ಯದ ಮೇಲೆ..."

ಡಾಕ್ಟರು ಒರೆಸುತ್ತಿದ್ದ ಕೈ ನಿಲ್ಲಿಸಿದರು.

"ನರ್ಸ್, ಆ ನಳಿಗೆ ಎಸೀಬೇಡಿ. ನೀವು ಮತ್ತೆ ಮಲಗ್ರೀ."

ನಳಿಗೆಯ ಮೇಲೆ ಏನೋ ಅಚ್ಚಾಗಿತ್ತು. ಅದು ಗಂಟಲಿನತ್ತ ಬರುತ್ತಿದ್ದಾಗ ತಲೆಕಟ್ಟು ಜೀವಮಾನದಲ್ಲಿ ಮೊದಲ ಸಲ ಅಕ್ಷರದ ಅಂದ ನೋಡದೆ ಓದಿದ: 'ಒಮ್ಮೆ ಮಾತ್ರ ಬಳಸತಕ್ಕದ್ದು.'