ಹುಲಿಗೂ ಒಂದು ‘ರಿ’

ಮನೆಮಂದಿಯನ್ನು ಬಿಟ್ಟರೆ, ನಮ್ಮ ಸೋದರಮಾವನಿಂದ ‘ರಿ’ ಅನ್ನಿಸಿಕೊಳ್ಳದ ಜೀವಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಬೇಕಷ್ಟೆ! ಹರಪನಹಳ್ಳಿಯ ಅವರ ಮೆಕ್ಕೆಜೋಳದ ಅಂಗಡಿಗೆ ದನ ನುಗ್ಗಿದರೂ, ಕೋಲು ಎತ್ತಿಕೊಂಡೇ, “ಹೊರಗ ನಡೀರಿ, ಚೀಲಕ್ಕ ಬಾಯಿ ಹಾಕಬ್ಯಾಡ್ರಿ” ಎನ್ನುತ್ತಿದ್ದರು.

ಅಂಗಡಿ ಬಿಟ್ಟು ಕದಲದ ಈ ಮನುಷ್ಯ, ಮೊಬೈಲು ನಮ್ಮ ಕಡೆ ಇನ್ನೂ ಕಾಲಿಡದ ಆ ದಿನಗಳಲ್ಲಿ, ಜೀಪಿನಲ್ಲಿ ರಾಜಸ್ಥಾನಕ್ಕೆ ಹೊರಟರೆಂದರೆ ನಂಬುತ್ತೀರಾ? ಕಾರಣ ನಮ್ಮ ಅತ್ತೆ. ಮದುವೆಯಾದಾಗಿನಿಂದ ಅವರು ಕೇಳಿದ್ದು ಒಂದೇ: ಬೋನಿನೊಳಗಿಲ್ಲದ ಹುಲಿ ನೋಡಬೇಕು. ಮಾವ ಒಪ್ಪಿದರು, ಷರತ್ತು ಹಾಕಿ. “ಹುಲಿ ಕಂಡ ಮರುದಿನಾನ ವಾಪಸ್. ಅಂಗಡಿ ಬಾಗ್ಲ ಹಾಕಿ ಕುಂದ್ರಾಕ ಆಗಂಗಿಲ್ಲ.”

ಡ್ರೈವರ್ ನಾನು. ಹಿಂದಿ ವ್ಯವಹಾರ ಪೂರ್ತಿ ಮಾವನದು. ಅವರ ಪ್ರಕಾರ ಹಿಂದಿ ಎಂದರೆ ನಮ್ಮೂರ ಸಂತೆಯ ಉರ್ದುವಿಗೆ ಒಂದು ‘ರಿ’ ಸೇರಿಸುವುದು!

ಮರಳುಗಾಡಿನ ತಪಾಸಣೆ ನಾಕಾದಲ್ಲಿ ಗಿರಿಜಾ ಮೀಸೆಯ ಪೊಲೀಸಪ್ಪನೊಬ್ಬ ಕೈ ಅಡ್ಡ ಹಿಡಿದ. ಮಾವ ಕೈಮುಗಿದು, “ಸುನೋರೀ! ರಸ್ತಾ ಬತಾವೋರೀ!” ಎಂದು ದಾರಿ ಕೇಳಿದರು. ಆ ಸೀಮೆಯಲ್ಲಿ ‘ರೀ’ ಎಂದು ಕರೆಯುವುದು ಹೆಂಗಸರನ್ನಂತೆ! ನಮಗೇನು ಗೊತ್ತು? ಅವನ ಮೀಸೆ ಕುಣಿಯತೊಡಗಿತು.

“ಮೈ ಔರತ್ ಹೂಂ ಕ್ಯಾ?”

ನಾನೇನು ಹೆಂಗಸಾ ಎಂದು ಅವನು ಗುಡುಗಿದ್ದು. ಗಾಬರಿಯಲ್ಲಿ ಮಾವನಿಗೆ ಅರ್ಥವೇ ಆಗಲಿಲ್ಲ. ಪೊಲೀಸರ ಮಾತಿಗೆ ಇಲ್ಲ ಎನ್ನಬಾರದೆಂದು, “ಹಾಂ ರೀ, ಹಾಂ ರೀ!” ಅಂದುಬಿಟ್ಟರು. ಅತ್ತೆ ಇಳಿದು ಬಂದು, ಖಡಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಉದುರಿಸಿ ಅವನ ಕೈಗಿಡದಿದ್ದರೆ ನಮ್ಮ ಪ್ರವಾಸ ಠಾಣೆಯಲ್ಲೇ ಮುಗಿಯುತ್ತಿತ್ತು. ಆತ ತಿಂದು, ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿ, ದಾರಿ ತೋರಿಸಿದ.

ಮುಂದೆ ಚಂಬಲ್ ಕೊರಕಲುಗಳು. ಕಣ್ಣು ಹಾಯುವವರೆಗೂ ಮಣ್ಣು ಸೀಳಿಕೊಂಡು ಬಿದ್ದಿತ್ತು. ನನಗೆ ಡಕಾಯಿತರ ಭಯ, ಮಾವನಿಗೋ ಬೇರೆಯೇ ಸಂಕಟ!

“ಅಲ್ಲಲೇ, ಇಷ್ಟ್ ಹೊಲ ಕೊಚ್ಚಿ ಹೋಗೋತನ ಒಬ್ಬನಾರ ಬದು ಹಾಕ್ಯಾನೇನು ನೋಡು!”

“ಮಾವ, ಡಕಾಯಿತ್ರು ಬಂದ್ರ?”

“ಬರ್ಲಿ ಬಿಡು. ‘ಆವೋರೀ, ಬೈಠೋರೀ’ ಅಂದ್ರಾತು.”

ಬಂದಿದ್ದರೆ ಹಾಗೆ ಕರೆದದ್ದಕ್ಕೇ ಗುಂಡು ಹೊಡೆಯುತ್ತಿದ್ದರು!

ಕೊನೆಗೆ ಹುಲಿಗಳ ರಾಷ್ಟ್ರೀಯ ಉದ್ಯಾನ. ಮೊದಲ ದಿನ ಜಿಂಕೆ, ನವಿಲು. ಮರುದಿನ ಮತ್ತೆ ಜಿಂಕೆ, ಮತ್ತೆ ನವಿಲು! ಮುಂದಿನ ಜೀಪಿನವರಿಗೆ ಹುಲಿ ಕಂಡಿತಂತೆ, ಹಿಂದಿನವರಿಗೂ ಕಂಡಿತಂತೆ. ಮಾವ ಪೊದೆಗೆ ಕೈಮುಗಿದು, “ಒಂದೀಟು ಹೊರಗ ಬರ್ರಿ ಹುಲಿಯಪ್ಪಾರ” ಎಂದು ಕರೆದರು. ಗೈಡು ನಕ್ಕು ಸುಸ್ತಾದ. ಹುಲಿ ಮಾತ್ರ ಬರಲಿಲ್ಲ.

ಸಂಜೆ ಗೇಟಿನ ಹೊರಗೆ ಮಾವ ಪೆಚ್ಚಾಗಿ ಕುಳಿತರು. “ಜೀವಮಾನದಾಗ ಒಂದ್ ಕೇಳಿದ್ದಿ. ಅದನ್ನೂ ತೋರ್ಸಾಕ ಆಗ್ಲಿಲ್ಲ ನೋಡು” ಎಂದು ಅತ್ತೆಗೆ ಹೇಳಿದರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಅತ್ತೆ ಸೆರಗಿನ ತುದಿ ಸುತ್ತುತ್ತಾ, ತಲೆ ಎತ್ತದೆ ಹೇಳಿದರು: “ಹುಲಿ ಕಾಣಬಾರ್ದು ಅಂತ ನಾನ ಕೊಟ್ಟೂರಪ್ಪಗ ಹರಕಿ ಹೊತ್ತಿದ್ನಿರಿ.”

“ಯಾಕ?!”

“ಕಂಡ್ರ ನಾಳೆ ಊರಿಗೆ ಹೊರಡ್ತೀರಿ. ಹೋದ್ರ ಮತ್ತ ಅಂಗಡಿ ನಿಮ್ಮನ್ನ ನುಂಗ್ತೈತಿ. ಮದಿವಿ ಆದಾಗಿಂದ ಹಿಂಗ ಬಾಜೂಕ ಕುಂತು ಮಾತಾಡಿದ್ದು ಯಾವಾಗ್ರಿ?”

ಮಾವ ಸರಿದು ಅತ್ತೆಯ ಪಕ್ಕಕ್ಕೇ ಕುಳಿತರು. ಆಮೇಲೆ ಮೆಲ್ಲಗೆ ನನ್ನತ್ತ ತಿರುಗಿದರು.

“ಲೇ, ಇನ್ನೂ ಮುಂದ, ಹುಲೀನ ಇಲ್ಲದ ಕಾಡು ಯಾವ್ದಾರ ಐತೇನು, ಕೇಳ್ಕೊಂಡು ಬಾ.”