ಮಾವನವರೂ ನನ್ನ ಅವಸರದ ಟ್ಯೂಲಿಪ್ಪುಗಳೂ

ನಮ್ಮ ಮಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಕೆಟ್ಟಿರುವುದು ಅವರದೋ ನನ್ನದೋ ಎಂಬ ಚರ್ಚೆ ಮನೆಯಲ್ಲಿ ಶುರುವಾಗುತ್ತದೆ!

ಆಗಸ್ಟಿನಲ್ಲಿ ಅವರು ಮೈಸೂರಿನಿಂದ ಅಮೆರಿಕದ ಮೀರಾ ಮೆಸಾದ ನಮ್ಮ ಮನೆಗೆ ಬಂದಿಳಿದಾಗ ನನಗೆ ಟ್ಯೂಲಿಪ್ ಹುಚ್ಚು ಹಿಡಿದಿತ್ತು. ಎರಡು ವರ್ಷ ನೆಟ್ಟು ಎರಡು ವರ್ಷವೂ ಸೋತಿದ್ದೆ. ಈ ಸಲವೂ ಹೂವಾಗದಿದ್ದರೆ ಗಂಡನ ನಗೆಯನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಟ್ಯೂಲಿಪ್ಪಿಗೆ ಈ ಊರಿನ ಚಳಿ ಯಾವ ಮೂಲೆಗೂ ಸಾಲದು. ಗೆಡ್ಡೆಗಳನ್ನು ಆರು ವಾರ ಫ್ರಿಜ್ಜಿನಲ್ಲಿಟ್ಟು, ಚಳಿಗಾಲ ಕಳೆಯಿತೆಂದು ನಂಬಿಸಿ, ಆಮೇಲೆ ನೆಡಬೇಕು.

“ಪಕ್ಕದಲ್ಲಿ ಸೇಬು ಇಡ್ಬಾರ್ದು ಮಾವ, ಅದರ ಗ್ಯಾಸಿಗೆ ಒಳಗಿನ ಮೊಗ್ಗು ಸತ್ತೋಗತ್ತೆ” ಎಂದೆ. ಸಂಜೆ ನೋಡಿದರೆ ಆರು ಸೇಬೂ ನಾಪತ್ತೆ!

“ರಿಸ್ಕ್ ಯಾಕಮ್ಮ?” ಎಂದು ಹೊಟ್ಟೆ ಸವರಿಕೊಂಡರು. ಇಂಥವರನ್ನು ಬೈಯುವುದೋ, ಕೈಮುಗಿಯುವುದೋ?

ನವೆಂಬರಿನಲ್ಲಿ ಕುಂಡಗಳಲ್ಲಿ ನೆಟ್ಟೆ. ಮಾರ್ಚಿನಲ್ಲಿ ಹೂ ಬಿಡಬೇಕಾದವು, ಡಿಸೆಂಬರಿನ ಬಿಸಿಲಿಗೆ ಮೋಸಹೋಗಿ ಆಗಲೇ ತಲೆ ಎತ್ತಿಬಿಟ್ಟವು. ಹೀಗೆ ಅವಸರಪಟ್ಟರೆ ಹೂವು ಕುಳ್ಳಾಗಿ ಕೆಡುತ್ತದಂತೆ. ಕುಂಡಗಳನ್ನು ನೆರಳಿಗೆ ಎಳೆದು, ಮಣ್ಣು ತಂಪಾಗಿರಲೆಂದು ಒಣ ಎಲೆ ಹೊದಿಸಿದೆ. ಮರುದಿನ ಎಲೆಗಳೆಲ್ಲ ನೆಲದ ಮೇಲೆ! ಗಾಳಿಯೆಂದುಕೊಂಡೆ. ಮತ್ತೆ ಹೊದಿಸಿದೆ, ಮತ್ತೆ ನೆಲದ ಮೇಲೆ. ಮೊಲವೆಂದುಕೊಂಡೆ. ನಾಲ್ಕನೆಯ ದಿನ ಕುಂಡಗಳೇ ಬಿಸಿಲಿಗೆ ಬಂದು ಕೂತಿದ್ದವು. ಕುಂಡ ಹೊರುವ ಮೊಲ ಯಾವುದಪ್ಪಾ?

“ನೀವೇನಾದ್ರೂ ನೋಡಿದ್ರಾ ಮಾವ?”

“ಇಲ್ಲಿನ ಮೊಲಗಳೂ ಜಿಮ್ಮಿಗೆ ಹೋಗ್ತವೇನೋ ಕಣಮ್ಮ!”

ಕುಂಡಗಳನ್ನು ಮತ್ತೆ ನೆರಳಿಗೆಳೆದು ಎಲೆ ಹೊದಿಸಿದೆ. ಮರುದಿನ ಬೆಳಿಗ್ಗೆ ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದೆ. ಕಿಟಕಿಯಾಚೆ ನೋಡುತ್ತೇನೆ, ಮಾವನವರು ಕುಕ್ಕುರುಗಾಲಿನಲ್ಲಿ ಕೂತು, ಮೊಳಕೆಗಳ ಮೇಲಿನ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾರೆ! ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಓಡಿದೆ.

“ಮಾವ! ಇವು ಮಾರ್ಚಿಗೆ ಹೂ ಬಿಡ್ಬೇಕು!”

“ನನ್ನ ಟಿಕೆಟ್ಟು ಜನವರಿ ಕೊನೇಗಲ್ವೇನಮ್ಮ?” ಅವರು ಮುಖ ಎತ್ತಲಿಲ್ಲ. “ನೀನು ಫೋಟೋ ಕಳಿಸ್ತೀಯ, ಗೊತ್ತು. ಹೂವು ಕುಳ್ಳಗೇ ಬರ್ಲಿ, ಹೇಗಾದ್ರೂ ಬರ್ಲಿ. ಅದನ್ನ ನೋಡಿ ನೀನು ಕುಣಿಯೋದನ್ನ ನಾನು ಇಲ್ಲಿದ್ದೇ ನೋಡ್ಬೇಕು ಅನ್ನಿಸ್ತು.”

ನನಗೆ ಅಳು ಬಂದುಬಿಟ್ಟಿತು. ಒಳಗೆ ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕೂಗುತ್ತಿದ್ದರು. ನಾನು ಮಾವನವರ ಪಕ್ಕದಲ್ಲೇ ಕೂತು, ಉಳಿದ ಕುಂಡಗಳ ಎಲೆ ತೆಗೆಯತೊಡಗಿದೆ.