ಖಲಾಸ್ ಅನ್ನಬಾರದು

ಸಿಟ್ಟಿಗೆದ್ದ ರೋಗಿಯ ಮುಂದೆ ‘ಖಲಾಸ್’ ಅನ್ನಬಾರದು. ಇದು ನನ್ನ ತರಗತಿಯ ಮೊದಲನೆಯ ನಿಯಮ. ಕೂಗಾಡುವ, ಕೈಯೆತ್ತುವ ರೋಗಿಗಳನ್ನು ನಿಭಾಯಿಸುವುದು ಹೇಗೆಂದು ಅಬುಧಾಬಿ, ದುಬೈ ಆಸ್ಪತ್ರೆಗಳ ನರ್ಸ್‌ಗಳಿಗೆ ಕಲಿಸುವುದು ನನ್ನ ಕೆಲಸ. ಅರಬ್ಬಿಯಲ್ಲಿ ಖಲಾಸ್ ಅಂದರೆ ‘ಮುಗಿಯಿತು’, ಅಷ್ಟೇ. ಆದರೆ ಸಿಟ್ಟಿನವನ ಕಿವಿಗೆ ಅದು ‘ಬಾಯಿ ಮುಚ್ಚು’. ನಮ್ಮೂರಿನವರ ಕಿವಿಗೆ ‘ಆಸಾಮಿ ಹೋದ’. ಎಷ್ಟು ಹೇಳಿದರೇನು? “ಸರ್, ಕ್ಲಾಸ್ ಖಲಾಸಾ?” ಅಂತ ಕೇಳಿಕೊಂಡೇ ಎದ್ದು ಹೋಗುತ್ತಾರೆ.

ಹರ್ನಿಯಾ

ಮೈಸೂರಿನ ಇಂಜಿನಿಯರ್ ಒಬ್ಬರು, ತಂದೆಯ ಹರ್ನಿಯಾ ಆಪರೇಶನ್ ಅಂತ ಥಿಯೇಟರ್ ಬಾಗಿಲಲ್ಲೇ ನಿಂತಿದ್ದರು. ಮಂಗಳೂರಿನ ನರ್ಸ್ ಹೊರಗೆ ಬಂದು ನಗುನಗುತ್ತಾ, “ನಿಮ್ಮ ಅಪ್ಪಂದು ಖಲಾಸ್!” ಅಂದಳು.

ಇಂಜಿನಿಯರ್ ಕುರ್ಚಿ ಎತ್ತಿದರು. “ನಗ್ತಾ ಹೇಳ್ತೀರೇನ್ರೀ!”

“ಅಯ್ಯೋ ಮಾರಾಯ್ರೆ, ಖಲಾಸ್ ಅಂದ್ರೆ ಖಲಾಸ್ ಅಲ್ಲ!”

ಗಲಾಟೆಗೆ ಒಳಗಿದ್ದ ತಂದೆಗೆ ಎಚ್ಚರವಾಯಿತು. “ಯಾರಪ್ಪಾ ಹೋದ್ರು?”

“ನೀವೇ!” ಅಂದುಬಿಟ್ಟರು ಮಗ.

ಮಂಪರಿನಲ್ಲೇ ಅವರು ಹೇಳಿದರು: “ಹಾಗಾದ್ರೆ ನಿಮ್ಮಮ್ಮಂಗೆ ಈಗ್ಲೇ ಹೇಳ್ಬೇಡ. ಬಿ.ಪಿ. ಜಾಸ್ತಿ ಆಗತ್ತೆ.”

ಸೂಜಿ

ದುಬೈನ ಜೆಬೆಲ್ ಅಲಿಯ ಗೋದಾಮಿನವನೊಬ್ಬ, ಬಾಗಿಲು ತುಂಬುವ ಆಳು, ಸೂಜಿ ಕಂಡರೆ ಮುಷ್ಟಿ ಬಿಗಿಯುತ್ತಿದ್ದ. ಸಮಾಧಾನಪಡಿಸಲೆಂದು ಪುರುಷ ನರ್ಸ್ ಬೆನ್ನು ತಟ್ಟಿ, “ಖಲಾಸ್, ಖಲಾಸ್” ಅಂದ. ಚುಚ್ಚಿದ್ದಾಯಿತೆಂದುಕೊಂಡು ಆಳು ಪ್ಯಾಂಟ್ ಏರಿಸಿಕೊಂಡು, ಕೈಮುಗಿದು, ನೇರ ಕಂಪನಿ ಬಸ್ಸು ಹತ್ತಿದ. ನರ್ಸ್ ತುಂಬಿದ ಸಿರಿಂಜ್ ಎತ್ತಿ ಹಿಡಿದು ಬಸ್ಸಿನ ಹಿಂದೆ ಓಡಿದ. ಆ ದಿನ ಹಲ್ಲೆಯ ದೂರು ಬಂದದ್ದು ನಿಜ. ಆದರೆ ಅದನ್ನು ಕೊಟ್ಟವನು ಡ್ರೈವರ್.

ಪರೀಕ್ಷೆ

ನಿಯಮ ಮುರಿಯದವಳು ಒಬ್ಬಳೇ, ಉಡುಪಿ ಕಡೆಯವಳು. ಪರೀಕ್ಷೆಯ ಸಂಜೆಯೇ ಅವಳಿಗೆ ಮಂಗಳೂರಿನ ವಿಮಾನ. ಮರುದಿನ ತಂಗಿಯ ರೋಸ್, ಅಂದರೆ ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಫೇಲಾದವರು ಮರುದಿನ ಮತ್ತೆ ತರಗತಿಗೆ ಬರಬೇಕು. ಪರೀಕ್ಷೆಯಿಂದ ವಿನಾಯಿತಿ ಕೊಡಿ ಎಂದು ಅವಳ ವಾರ್ಡಿನ ಮೇಲ್ವಿಚಾರಕಿ ಕೇಳಿದರು. ನಾನು ಕೊಡಲಿಲ್ಲ. ನಿಯಮ ಅಂದರೆ ನಿಯಮ.

ಸೂಟ್‌ಕೇಸ್ ಸಮೇತ ಬಂದಳು. ನಾನು ಸಿಟ್ಟಿನ ರೋಗಿಯಾಗಿ ಗಂಟಲು ಹರಿಯುವಂತೆ ಕೂಗಾಡಿದೆ. ಉಳಿದವರೆಲ್ಲ ಅಷ್ಟರಲ್ಲೇ ಖಲಾಸ್ ಅಂದು ಫೇಲಾಗಿದ್ದರು. ಇವಳು ನೀರು ತಂದಿಟ್ಟಳು.

“ಸಾಕು, ಪರೀಕ್ಷೆ ಮುಗೀತು. ಈಗ ಖಲಾಸ್ ಅನ್ನಬಹುದು,” ಅಂದೆ.

“ಇಲ್ಲ ಸರ್, ರೋಗಿಗೆ ಹಾಗೆ ಹೇಳ್ಲಿಕ್ಕೆ ಇಲ್ಲ.”

“ನಾನು ರೋಗಿ ಅಲ್ಲಮ್ಮಾ!”

“ಎಲ್ಲ ರೋಗಿಗಳೂ ಹಾಗೇ ಹೇಳುದು ಸರ್.”

ನನಗೆ ನಿಜವಾಗಿಯೇ ಸಿಟ್ಟು ಬಂದು ಮೇಜು ಗುದ್ದಿದೆ. ರೋಗಿ ಮೇಜು ಗುದ್ದಿದರೆ ಗಾರ್ಡ್‌ಗಳನ್ನು ಕರೆಯಬೇಕು, ಅದು ಎರಡನೆಯ ನಿಯಮ. ಅವಳು ಬೆಲ್ ಒತ್ತಿದಳು. ನನ್ನನ್ನು ಎಂದೂ ಕಂಡಿರದ ಇಬ್ಬರು ಬಂದು ನನ್ನ ಎರಡೂ ತೋಳು ಹಿಡಿದರು.

“ಪಾಸ್! ನೀವು ಪಾಸ್! ಇವರಿಗೆ ಬಿಡಲು ಹೇಳಿ!” ಎಂದು ಕಿರುಚಿದೆ.

ಗಾರ್ಡ್ ಅವಳ ಕಡೆ ತಿರುಗಿದ. “ಸಿಸ್ಟರ್, ಖಲಾಸ್?”

ಅವಳು ನನ್ನನ್ನೊಮ್ಮೆ ನೋಡಿ, ಇಲ್ಲವೆಂದು ತಲೆಯಾಡಿಸಿ, ಸೂಟ್‌ಕೇಸ್ ಎಳೆದುಕೊಂಡು ಏರ್‌ಪೋರ್ಟಿಗೆ ಹೊರಟುಹೋದಳು.